ನಾಲ್ಕು ಬೆರಳು ಸಡಿಲ

ಅಷ್ಟೂರಿನ ಕಡೆ ಇಳಿಯುವಾಗ ಏನೂ ಇಲ್ಲ.
ಮರಳಿ ಹತ್ತುವಾಗಲೇ ಜೀನು
ಒಂದೊಂದು ಬೆರಳು ಹಿಂದೆ ಸರಿಯುತ್ತ
ಬೀದರ ಕೋಟೆಯ ಗೋಡೆ ಕಾಣುವ ಹೊತ್ತಿಗೆ
ನಾನು ಕುಸುಬಿಯ ಸೊಂಟದ ಮೇಲೆ ಕೂತಿರುತ್ತೇನೆ,
ತಪ್ಪು ಮನೆಗೆ ಊಟಕ್ಕೆ ಬಂದ ಬೀಗರ ಹಾಗೆ.

ಕುಸುಬಿ ನನ್ನ ಹೆಣ್ಣುಗುದುರೆ.
ಮಾಘದ ಹೊಲದಲ್ಲಿ ಹೂ ಒಣಗಿದ ಮೇಲಿನ ಬಣ್ಣ.
ಮುಳ್ಳೂ ಅದಕ್ಕೆ ತಕ್ಕಷ್ಟು.

ಎದೆಪಟ್ಟಿ ಹಾಕಿ ಅಂದರು ಎಲ್ಲರೂ.
ಹೈದರಾಬಾದಿನಿಂದ ತರಿಸಿದೆ:
ಸಾಲು ಹಿತ್ತಾಳೆ ಗುಂಡಿ, ಮುಖ ಕಾಣುವ ತೊಗಲು.
ತೊಡಿಸಿದರೆ ಗಂಟಲಿಗೆ ಬಂತು.
ಎರಡು ತೂತು ಸಡಿಲಿಸಿದರೆ
ಹೆಗಲ ಕೀಲಿಗೇ ಇಳಿಯಿತು.
ಎತ್ತಿದ ಮುಂಗಾಲು ಎತ್ತಿದಂತೆಯೇ ಹಿಡಿದು
ತಿರುಗಿ ನನ್ನ ನೋಡಿದಳು.

ಉಸ್ಮಾನ್‌ಗಂಜಿನ ಹಿಂದಿನ ಓಣಿ. ಅಂಬಾದಾಸ ಜೀನಗಾರ.
ಹೆಸರಿನ ತುದಿಯಲ್ಲಷ್ಟೇ ಜೀನು ಉಳಿದಿದೆ;
ತೊಡೆಯ ಮೇಲೆ ಶಾಲೆ ಚೀಲ, ಕಿತ್ತ ಜಿಪ್ಪು,
ಪಕ್ಕದಲ್ಲಿ ಟಂಟಂ ಸೀಟಿನ ರೆಕ್ಸಿನ್ನು.
ನಾನು ತಂದದ್ದನ್ನು ಮೂಸಿದ.
"ಚಂದ ಅದ. ಗ್ವಾಡಿಗಿ ಹಾಕ್ರಿ.
ಕುದರಿ ಎಲ್ಲದ?"

ಓಣಿಯ ಬಾಯಲ್ಲಿ ನಿಂತಿದ್ದಳು,
ಬಾಳೆಹಣ್ಣಿನ ಬಂಡಿಯ ಮೇಲೆ ಕಣ್ಣು.
ಅಂಬಾದಾಸ ಟೇಪು ತೆಗೆಯಲಿಲ್ಲ, ಮೊದಲು ಜೀನು ಬಿಚ್ಚಿಸಿದ.
ಅದರಡಿಯ ಬೆವರಿನ ಗುರುತು ಬಹಳ ಹೊತ್ತು ಓದಿದ.
"ಅಕ್ಕೋರೆ, ಇದರ ಬೆನ್ನ ಅಗಲ, ನಿಮ್ಮ ಜೀನ ಇಕ್ಕಟ್ಟ.
ಜೀನೇ ಒಲ್ಲೆ ಅಂತಿದ್ರ
ಎದಿಗಿ ಪಟ್ಟಿ ಕಟ್ಟಿ ಎಳದು ಏನ್ ಮಾಡ್ತೀರಿ?"

ಆಮೇಲೆ ಅವನ ಹಸ್ತ ಅವಳ ಎದೆಯ ಮೇಲೆ
ಕತ್ತಲಲ್ಲಿ ಚಿಲಕ ಹುಡುಕುವಂತೆ ನಡೆದು
ಎಡಕ್ಕೆ, ಹೆಗಲು ತಿರುಗುವಲ್ಲಿ, ನಿಂತಿತು.
ಅಲ್ಲೊಂದು ರೂಪಾಯಿಯಗಲ ಬಿಳಿಗೂದಲು.
ಹುಟ್ಟುಮಚ್ಚೆ ಅಂದುಕೊಂಡಿದ್ದೆ.
ಕೊಂಡ ದಿನ ಮುತ್ತಿಟ್ಟದ್ದೂ ಅಲ್ಲಿಗೇ.

"ಮದಿವಿ ಕುದರಿ ಇತ್ತು, ಹೌದಿಲ್ಲೋ?"
ಹೌದು. ಹುಮನಾಬಾದಿನ ಬ್ಯಾಂಡಿನವರ ಬಳಿ, ಆರು ವರ್ಷ.
"ಗೆಜ್ಜಿ ಪಟ್ಟ ತಿಕ್ಕೇದ. ಗಾಯ ಮಾಯ್ದ ಮ್ಯಾಲ
ಕೂದಲ ಬೆಳ್ಳಗ ಬರ್ತಾವ.
ಮಂದಿ ಲಗ್ನ ಇದರ ಮೈಮ್ಯಾಲ ಬರದಾರ."

ಮೂರನೆಯ ದಿನ ಕರೆದ.
ಜೀನಿನ ಹೊಟ್ಟೆಯಲ್ಲಿ ಹೊಸ ಉಣ್ಣೆ, ಕಂಬಳಿಯ ವಾಸನೆ.
ಎದೆಪಟ್ಟಿ ಮಂದ ಕಂದು, ಗುಂಡಿಯಿಲ್ಲ, ಒಳಗೆ ಕುರಿತೊಗಲು;
ಎಡಗಡೆ ಬಿಳಿಗೂದಲ ಹತ್ತಿರ ಬಂದಾಗ
ತುಸು ಮೇಲಕ್ಕೆ ಬಾಗಿ ಹೋಗುತ್ತದೆ,
ನಮ್ಮೂರ ರಸ್ತೆ ಗೋರಿಯನ್ನು ಬಳಸಿ ಹೋಗುವ ಹಾಗೆ.

ಗಂಟಲ ಕೆಳಗೆ ನನ್ನ ಮುಷ್ಟಿಯನ್ನೇ ತೂರಿಸಿ ನೋಡಿದ.
ಮುಂಗಾಲ ನಡುವೆ ಹಾದು ಹೊಟ್ಟೆಪಟ್ಟಿಗೆ ಸೇರುವಲ್ಲಿ
ನಾಲ್ಕು ಬೆರಳು ಸಡಿಲ.
"ತಲಿ ಕೆಳಗ ಮಾಡ್ಲಿ, ನೀರ ಕುಡದಂಗ."
ಬಾಳೆಹಣ್ಣು ನೆಲಕ್ಕಿಟ್ಟೆ.
"ಕಾಲ ಮುಂದ ಜಗ್ರಿ."
ಜಗ್ಗಿದೆ. ಪಟ್ಟಿ ಜೊತೆಗೆ ಬಂತು, ಕಚ್ಚಲಿಲ್ಲ.
"ನೆಪ್ಪಿಡ್ರಿ, ಇದು ಹಿಡೀಬಾರದು.
ಜಾರಿದಾಗ ತಡೀಬೇಕು, ಅಷ್ಟ.
ಉಳದ ಹೊತ್ತಿನಾಗ
ಅದನೋ ಇಲ್ಲೋ ಅನ್ನಂಗ ಇರ್ಬೇಕು."
ಜೀನಿಗೆ ದುಡ್ಡು ತಗೊಂಡ. ಪಟ್ಟಿಗೆ
ಎಷ್ಟು ಹೇಳಬೇಕೆಂಬುದೇ ಮರೆತಿದ್ದ.

ಆ ಸಂಜೆ ಏರು ಹತ್ತಿದೆವು.
ಕೆಂಪು ಮುರುಮಿನ ಮೇಲೆ ಲಾಳ ಜಾರಿತು, ಜೀನು ಜಾರಲಿಲ್ಲ.
ಮೇಲೆ ಬಂದಾಗ ಫಂಕ್ಷನ್ ಹಾಲಿನಿಂದ ಬ್ಯಾಂಡು ಶುರುವಾಯಿತು.
ಕುಸುಬಿ ನಿಂತುಬಿಟ್ಟಳು.
ಹಿಮ್ಮಡಿ ತಾಗಿಸಿದೆ, ಹೆಸರು ಕರೆದೆ,
ಕತ್ತು ಬಗ್ಗಿಸಿಕೊಂಡು, ಯಾರೋ ಹತ್ತಲಿ ಎಂಬಂತೆ
ಅಲ್ಲಾಡದೆ ನಿಂತೇ ಇದ್ದಳು, ನಾನು ಮೇಲಿರುವಾಗಲೇ.

ಇಳಿದೆ.
ಪಟ್ಟಿಯೊಳಗೆ ಕೈಯಿಟ್ಟು ನೋಡಿದೆ. ಬೆವರು ಬೆಚ್ಚಗಿತ್ತು.
ಮೆರವಣಿಗೆ ದಾಟುವವರೆಗೂ ಕೈ ತೆಗೆಯಲಿಲ್ಲ.

ವರ ಕಾರಿನಲ್ಲಿ ಬಂದ.
ಅದರ ಎದೆಗೂ ಚೆಂಡುಹೂವಿನ ಪಟ್ಟಿ ಕಟ್ಟಿದ್ದರು,
ತೀರ ಬಿಗಿಯಾಗಿ.